ಒಂದೇ ರೋಗಿ, ಎಲ್‌ಎ (ಲೂಪಸ್ ಆ್ಯಂಟಿಕೋಆ್ಯಗುಲಂಟ್) ರಿಪೋರ್ಟ್ ಮಾತ್ರ ಎರಡು ಥರ: ಸ್ಯಾಂಪಲ್ ಕಡೆಯಿಂದ ಏನೇನು ನೋಡಬೇಕು?

ಬನವಾಸಿರಸ್ತೆ (ಶಿರಸಿ):
ಎಲ್ಲರಿಗೂ ನಮಸ್ಕಾರ. ಶಿರಸಿಯ ಸಣ್ಣ ಲ್ಯಾಬ್ ಒಂದರಲ್ಲಿ ಟೆಕ್ನಿಷಿಯನ್ ನಾನು. ಸಿದ್ದಾಪುರ ಕಡೆಯ ಒಬ್ಬ ಹೆಂಗಸಿಗೆ ಎಡಗಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಇನ್ನೂ ಚಿಕ್ಕ ವಯಸ್ಸು, ಹಿಂದೆ ಗರ್ಭ ಹೋದದ್ದೂ ಇದೆ. ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ (ಎಪಿಎಸ್), ಅಂದರೆ ಕೆಲವು ಆ್ಯಂಟಿಬಾಡಿಗಳಿಂದ ರಕ್ತ ಹೆಪ್ಪುಗಟ್ಟುವ ಕಾಯಿಲೆ, ಇರಬಹುದು ಅಂತ ಡಾಕ್ಟರು ಟೆಸ್ಟ್ ಬರೆದುಕೊಟ್ಟರು.

ಆಸ್ಪತ್ರೆಗೆ ಸೇರಿದ ದಿನವೇ ನಾವು ರಕ್ತ ತೆಗೆದು, ಪ್ಲಾಸ್ಮಾ ಫ್ರೀಜ್ ಮಾಡಿ ಬೆಂಗಳೂರಿಗೆ ಕಳಿಸಿದೆವು. ಆ ಆ್ಯಂಟಿಬಾಡಿಗಳಲ್ಲಿ ಒಂದಾದ ಲೂಪಸ್ ಆ್ಯಂಟಿಕೋಆ್ಯಗುಲಂಟ್ (ಎಲ್‌ಎ) ಇಲ್ಲ ಅಂತ ಬಂತು. ಆಮೇಲೆ ಮನೆಯವರು ಬೇರೆ ಊರಿನಲ್ಲಿ ಮಾಡಿಸಿದರು. ಅಲ್ಲಿ ಎಲ್‌ಎ ಇದೆ, ಡಿಆರ್‌ವಿವಿಟಿ (ಹಾವಿನ ವಿಷ ಬಳಸಿ ಎಲ್‌ಎ ಹುಡುಕುವ ಟೆಸ್ಟ್) ರೇಷಿಯೊ 1.9 ಅಂತ ಬಂತು. ಎಪಿಎಸ್‌ನ ಇನ್ನೆರಡು ಆ್ಯಂಟಿಬಾಡಿ ಟೆಸ್ಟುಗಳು, ಆ್ಯಂಟಿಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೊಟೀನ್, ಎರಡೂ ಕಡೆ ನೆಗೆಟಿವ್. ನಮ್ಮಲ್ಲಿ ಮಾಡಿದ ಎಪಿಟಿಟಿಯೂ (ಹೆಪ್ಪುಗಟ್ಟುವ ಸಮಯ ನೋಡುವ ಮಾಮೂಲಿ ಟೆಸ್ಟ್) ನಾರ್ಮಲ್. ಮನೆಯವರು ಬಂದು ಯಾವುದು ಸರಿ ಅಂತ ಕೇಳುತ್ತಿದ್ದಾರೆ. ಏನು ಹೇಳಲಿ?

ಕಾಳಿತೀರ (ಕಾರವಾರ):
ಯಾವುದು ಸರಿ ಅಂತ ಆಮೇಲೆ ನೋಡೋಣ ಮಾರಾಯ್ರೆ. ಮೊದಲು ಇಷ್ಟು ಹೇಳಿ. ಪ್ಲಾಸ್ಮಾ ಎಷ್ಟು ಸಲ ಸ್ಪಿನ್ ಮಾಡಿದ್ದು, ಅಂದರೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದ್ದು? ಎರಡೂ ಸಲ ರಕ್ತ ತೆಗೆಯುವಾಗ ಅವರು ಯಾವ ಔಷಧದ ಮೇಲಿದ್ದರು? ಕೊನೆಯ ಡೋಸ್ ಎಷ್ಟು ಹೊತ್ತಿಗೆ?

ಬನವಾಸಿರಸ್ತೆ (ಶಿರಸಿ):
ನೀಲಿ ಮುಚ್ಚಳದ 3.2% ಸಿಟ್ರೇಟ್ ಟ್ಯೂಬ್, ಗೆರೆಯವರೆಗೆ ತುಂಬಿತ್ತು. ಕಲೆಕ್ಷನ್ ಕಂಪನಿ ಕೊಟ್ಟ ಚೀಟಿಯಲ್ಲಿ ಇರುವ ಹಾಗೆ ಒಂದು ಸಲ ಸ್ಪಿನ್, ಆಮೇಲೆ ಫ್ರೀಜರ್. ಆಗಿನ್ನೂ ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್ ಶುರು ಆಗಿರಲಿಲ್ಲ, ರಿಜಿಸ್ಟರಿನಲ್ಲಿ ಇದೆ. ಎರಡನೆಯ ಸಲದ್ದು ಈಗ ಮನೆಯವರನ್ನೇ ಕೇಳಿದೆ. ಹೆಪ್ಪು ತಡೆಯುವ ಮಾತ್ರೆ ರಿವರಾಕ್ಸಬಾನ್ 20 ಮಿ.ಗ್ರಾಂ ನಡೆಯುತ್ತಿತ್ತು. ಬೆಳಿಗ್ಗೆ ತಿಂಡಿ ತಿಂದು, ಮಾತ್ರೆ ತೆಗೆದುಕೊಂಡು, ಹೋಗಿ ರಕ್ತ ಕೊಟ್ಟಿದ್ದಾರೆ.

ಕುಮಟಾದವಳು:
ನಾನು ಮಂಗಳೂರಿನಲ್ಲಿ ಪೆಥಾಲಜಿಸ್ಟ್, ಊರು ಕುಮಟಾ. ನನ್ನ ಪ್ರಕಾರ ಎರಡು ರಿಪೋರ್ಟುಗಳನ್ನೂ ನಂಬುವ ಹಾಗಿಲ್ಲ. ಒಂದನ್ನು ಇಲ್ಲದ ಕಡೆಗೆ ಎಳೆಯುವ ಕಾರಣ ಇದೆ, ಇನ್ನೊಂದನ್ನು ಇರುವ ಕಡೆಗೆ ಎಳೆಯುವ ಕಾರಣ ಇದೆ.

ಎಲ್‌ಎ ಅಂದರೆ ಫಾಸ್ಫೋಲಿಪಿಡ್‌ಗೆ (ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಬಗೆಯ ಕೊಬ್ಬು) ಅಂಟುವ ಆ್ಯಂಟಿಬಾಡಿ. ಅದಕ್ಕೇ ಸ್ಕ್ರೀನ್ ಟೆಸ್ಟಿನ ರಿಯೇಜೆಂಟ್‌ನಲ್ಲಿ ಫಾಸ್ಫೋಲಿಪಿಡ್ ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ. ಆ್ಯಂಟಿಬಾಡಿ ಇದ್ದರೆ ಆ ಸ್ವಲ್ಪವನ್ನೂ ಅದೇ ಹಿಡಿದುಕೊಳ್ಳುತ್ತದೆ, ಹೆಪ್ಪುಗಟ್ಟಲು ಜಾಸ್ತಿ ಹೊತ್ತು ಬೇಕಾಗುತ್ತದೆ. ಕನ್ಫರ್ಮ್ ಟೆಸ್ಟಿನಲ್ಲಿ ಫಾಸ್ಫೋಲಿಪಿಡ್ ಧಾರಾಳ ಸುರಿಯುತ್ತಾರೆ, ಆಗ ಸಮಯ ಮತ್ತೆ ಇಳಿಯುತ್ತದೆ. ರೇಷಿಯೊ ಅಂತ ಬರುವುದು ಈ ಎರಡರ ಲೆಕ್ಕ.

ಈಗ ನಿಮ್ಮ ಮೊದಲ ಸ್ಯಾಂಪಲ್ ನೋಡಿ. ಒಂದೇ ಸ್ಪಿನ್‌ನಲ್ಲಿ ಪ್ಲೇಟ್‌ಲೆಟ್ ಉಳಿದುಬಿಡುತ್ತವೆ. ಫ್ರೀಜ್ ಮಾಡಿ ಕರಗಿಸಿದಾಗ ಅವು ಒಡೆಯುತ್ತವೆ. ಅವುಗಳ ಪೊರೆಯೂ ಫಾಸ್ಫೋಲಿಪಿಡೇ ಅಲ್ವಾ? ಆ್ಯಂಟಿಬಾಡಿ ಅದಕ್ಕೇ ಅಂಟಿಕೊಂಡು ಮುಗಿದುಹೋಗುತ್ತದೆ. ರಿಪೋರ್ಟ್ ನೆಗೆಟಿವ್. ಜೊತೆಗೆ ಹೆಪ್ಪುಗಟ್ಟಿದ ಹೊಸತರಲ್ಲಿ ಫ್ಯಾಕ್ಟರ್ 8 (ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಲ್ಲಿ ಒಂದು) ಏರಿರುತ್ತದೆ, ಅದು ಎಪಿಟಿಟಿಯನ್ನು ಗಿಡ್ಡ ಮಾಡುತ್ತದೆ. ಉರಿಯೂತದಲ್ಲಿ ಹೆಚ್ಚಾಗುವ ಸಿಆರ್‌ಪಿ ಪ್ರೋಟೀನ್ ಏರಿದ್ದರೆ ಉಲ್ಟಾ, ಎಪಿಟಿಟಿ ಉದ್ದ ಆಗಬಹುದು. ಆ ಸಮಯದ ಎಲ್‌ಎ ಯಾವತ್ತೂ ಗೊಂದಲವೇ. ಮಾಮೂಲಿ ಎಪಿಟಿಟಿ ನಾರ್ಮಲ್ ಬಂತು ಅಂತಲೂ ಎಲ್‌ಎ ಇಲ್ಲ ಅನ್ನಲು ಬರುವುದಿಲ್ಲ. ಎಲ್ಲ ರಿಯೇಜೆಂಟುಗಳೂ ಅದನ್ನು ಹಿಡಿಯುವುದಿಲ್ಲ.

ಎರಡನೆಯದು ಮಾತ್ರೆಯ ಕಥೆ. ಡಿಆರ್‌ವಿವಿಟಿಯಲ್ಲಿ ಬಳಸುವುದು ನಮ್ಮ ಗದ್ದೆ ಬದುವಿನಲ್ಲಿ ಕಾಣುವ ಕೊಳಕುಮಂಡಲದ ವಿಷವನ್ನೇ, ತೆಳು ಮಾಡಿ. ಅದು ನೇರವಾಗಿ ಫ್ಯಾಕ್ಟರ್ 10 ಅನ್ನು ಎಬ್ಬಿಸುತ್ತದೆ. ರಿವರಾಕ್ಸಬಾನ್ ತಡೆಯುವುದೂ ಎದ್ದ ಫ್ಯಾಕ್ಟರ್ 10 ಅನ್ನೇ. ಸ್ಕ್ರೀನ್ ಸಮಯ ತುಂಬಾ ಏರುತ್ತದೆ, ಕನ್ಫರ್ಮ್ ಅಷ್ಟು ಏರುವುದಿಲ್ಲ, ರೇಷಿಯೊ ಸುಮ್ನೆ ಮೇಲೆ ಹೋಗುತ್ತದೆ. ಮಾತ್ರೆ ನುಂಗಿದ 2ರಿಂದ 4 ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅತಿ ಹೆಚ್ಚು. ಇವರು ಕೊಟ್ಟದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಅಂಕೋಲೆಯವ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ತಂಗಿಯ ರಿಪೋರ್ಟಿನಲ್ಲೂ 'ಲೂಪಸ್' ಅಂತ ಇದೆ. ಮನೆಯಲ್ಲಿ ಎಲ್ಲರೂ ಹೆದರಿದ್ದಾರೆ. ಅದರ ಮೇಲೆ ವಿಡಿಆರ್‌ಎಲ್ (ಸಿಫಿಲಿಸ್ ಎಂಬ ಲೈಂಗಿಕ ರೋಗದ ಟೆಸ್ಟ್) ಕೂಡ ಪಾಸಿಟಿವ್ ಬಂದು ಗಂಡನ ಮನೆಯಲ್ಲಿ ಮಾತು ಶುರುವಾಗಿದೆ.

ಕುಮಟಾದವಳು:
ತಮ್ಮಾ, ಒಳ್ಳೆಯದಾಯಿತು ಕೇಳಿದ್ದು. ಎಲ್‌ಎ ಆ್ಯಂಟಿಬಾಡಿ ಮೊದಲು ಸಿಕ್ಕಿದ್ದು ಲೂಪಸ್ ಎಂಬ ಬೇರೆ ಕಾಯಿಲೆಯ ರೋಗಿಗಳಲ್ಲಿ, ಹಾಗಾಗಿ ಆ ಹೆಸರು. ಎಲ್‌ಎ ಇರುವ ಎಷ್ಟೋ ಜನರಿಗೆ ಲೂಪಸ್ ಇರುವುದಿಲ್ಲ.

ವಿಡಿಆರ್‌ಎಲ್ ಬಗ್ಗೆ ಇವತ್ತೇ ಮನೆಯಲ್ಲಿ ಹೇಳಿ. ಆ ಟೆಸ್ಟಿನಲ್ಲಿ ಬಳಸುವುದೇ ಕಾರ್ಡಿಯೊಲಿಪಿನ್. ಎಪಿಎಸ್ ಆ್ಯಂಟಿಬಾಡಿ ಇದ್ದವರಿಗೆ ಸಿಫಿಲಿಸ್ ಇಲ್ಲದೆಯೂ ಅದು ಪಾಸಿಟಿವ್ ಬರಬಹುದು. ಸಿಫಿಲಿಸ್ ನಿಜವಾಗಿ ಇದೆಯೇ ಅಂತ ಖಚಿತ ಮಾಡುವ ಟಿಪಿಎಚ್‌ಎ ಟೆಸ್ಟ್ ಮಾಡಿಸಿ. ಅದು ನೆಗೆಟಿವ್ ಬಂದರೆ, ಆ ಎರಡೂ ಕಾಗದ ತೆಗೆದುಕೊಂಡು ಗಂಡ ಹೆಂಡತಿ ಒಟ್ಟಿಗೇ ಡಾಕ್ಟರ ಎದುರು ಕೂತು ಕೇಳಲಿ. ಒಂದು ಟೆಸ್ಟಿನ ಮೇಲೆ ಆ ಹುಡುಗಿಯ ಮೇಲೆ ಅಪವಾದ ಹೊರಿಸುವುದು ಬೇಡ.

ಕಾಳಿತೀರ (ಕಾರವಾರ):
ಶಿರಸಿಯವರೇ, ಒಂದು ಕೆಲಸ ಮಾಡಿ. ಒಂದು ಸಲ ಸ್ಪಿನ್ ಮಾಡಿದ ಪ್ಲಾಸ್ಮಾವನ್ನು ನಿಮ್ಮ ಸೆಲ್ ಕೌಂಟರಿಗೇ ಹಾಕಿ ನೋಡಿ. ಪ್ಲೇಟ್‌ಲೆಟ್ ಮೈಕ್ರೋಲೀಟರಿಗೆ 10,000ಕ್ಕಿಂತ ಕೆಳಗೆ ಇರಬೇಕು.

ಸೆಂಟ್ರಿಫ್ಯೂಜಿನ ಆರ್‌ಪಿಎಂ ನೋಡಿ ಮೋಸಹೋಗಬೇಡಿ. ಬೇಕಾದದ್ದು 2000 ಜಿ (ತಿರುಗುವಾಗ ಸ್ಯಾಂಪಲ್ ಮೇಲೆ ಬೀಳುವ ಬಲ), 15 ನಿಮಿಷ, ಎರಡು ಸಲ, ರೂಮಿನ ಉಷ್ಣತೆಯಲ್ಲಿ. ರೋಟರಿನ ತ್ರಿಜ್ಯ 15 ಸೆಂ.ಮೀ. ಇದ್ದರೆ 3,450 ಆರ್‌ಪಿಎಂ ಹತ್ತಿರ ಸಾಕು. 10 ಸೆಂ.ಮೀ.ನ ಚಿಕ್ಕ ಮಷಿನ್ ಆದರೆ 4,200 ದಾಟಬೇಕು. ನಡುಮಧ್ಯದಿಂದ ಟ್ಯೂಬಿನ ತಳದವರೆಗೆ ಸ್ಕೇಲ್ ಹಿಡಿದು ಅಳೆಯಿರಿ.

ಬನವಾಸಿರಸ್ತೆ (ಶಿರಸಿ):
ನೋಡಿದೆ ಸರ್. ನಮ್ಮದು ಚಿಕ್ಕ ಮಷಿನ್. ಒಂದು ಸ್ಪಿನ್ ಆದ ಮೇಲೆ 40,000ದ ಹತ್ತಿರ ಪ್ಲೇಟ್‌ಲೆಟ್ ಇದೆ. ಎರಡನೆಯ ಸ್ಪಿನ್ ಆದ ಮೇಲೆ 10,000ದ ಕೆಳಗೆ ಇಳಿಯಿತು. ಕಣ್ಣಿಗೆ ಎರಡೂ ಒಂದೇ ಥರ ತಿಳಿಯಾಗಿ ಕಾಣುತ್ತವೆ!

ಕಾಳಿತೀರ (ಕಾರವಾರ):
ಅದೇ ತೊಂದರೆ. ಮೊದಲ ಸ್ಪಿನ್ ಆದ ಮೇಲೆ ಪ್ಲಾಸ್ಟಿಕ್ ಪಿಪೆಟ್‌ನಲ್ಲಿ ಮೇಲಿನ ಭಾಗ ಮಾತ್ರ ತೆಗೆಯಿರಿ. ಬಿಳಿ ಪದರದ ಮೇಲೆ ಅರ್ಧ ಸೆಂ.ಮೀ. ಪ್ಲಾಸ್ಮಾ ಹಾಗೇ ಇರಲಿ. ಎರಡನೆಯದರಲ್ಲೂ ತಳದ್ದು ಮುಟ್ಟಬೇಡಿ. ರಕ್ತ ತೆಗೆದ 4 ಗಂಟೆಯ ಒಳಗೆ ಫ್ರೀಜರ್ ಸೇರಬೇಕು.

ಆದರೂ ಈ ಟೆಸ್ಟಿಗೆ ಸ್ಯಾಂಪಲ್ ಬದಲು ರೋಗಿಯನ್ನೇ ಮಂಗಳೂರಿಗೋ ಹುಬ್ಬಳ್ಳಿಗೋ ಕಳಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಬನವಾಸಿರಸ್ತೆ (ಶಿರಸಿ):
ಸರ್, ಅಡಿಕೆ ಸುಲಿಯಲು ಹೋಗುವ ಮನೆಯವರು ಅವರು. ಜೊತೆಗೆ ಒಬ್ಬರು ಹೋಗಬೇಕು, ಇಬ್ಬರ ಕೂಲಿಯೂ ಹೋಗುತ್ತದೆ. ಕಾಲು ಬೇರೆ ಊದಿಕೊಂಡಿದೆ, ಬಸ್ಸಿನಲ್ಲಿ ಅಷ್ಟು ಹೊತ್ತು ಕೂರಿಸುವುದು ನನಗೆ ಮನಸ್ಸಿಲ್ಲ. ಇಲ್ಲೇ ಸರಿಯಾಗಿ ಮಾಡಲು ಆಗುವುದಾದರೆ ಇಲ್ಲೇ ಮಾಡುತ್ತೇನೆ.

ಕುಮಟಾದವಳು:
ಆಗುತ್ತದೆ, ಮಾಡಿ. ಆದರೆ ಟೆಸ್ಟಿಗೋಸ್ಕರ ಮಾತ್ರೆ ನಿಲ್ಲಿಸಿ ಅಂತ ನೀವಾಗಲಿ ಮನೆಯವರಾಗಲಿ ಹೇಳಬೇಡಿ. ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ದಾರಿ ಎರಡಿವೆ, ಆರಿಸುವುದು ಡಾಕ್ಟರು. ಒಂದು, ಪ್ಲಾಸ್ಮಾದಿಂದ ಮಾತ್ರೆಯ ಅಂಶವನ್ನು ಇದ್ದಿಲು ಹಾಕಿ ತೆಗೆಯುವ ಲ್ಯಾಬಿಗೆ ಕಳಿಸುವುದು. ಹಾಗೆ ಕಳಿಸುವಾಗಲೂ ಮುಂದಿನ ಮಾತ್ರೆಗೆ ಸ್ವಲ್ಪ ಮೊದಲು ರಕ್ತ ತೆಗೆಯಿರಿ. ಇನ್ನೊಂದು, ಕೆಲವು ದಿನ ಕಡಿಮೆ ತೂಕದ ಹೆಪಾರಿನ್ ಇಂಜೆಕ್ಷನ್‌ಗೆ ಬದಲಿಸಿ, ಕೊನೆಯ ಇಂಜೆಕ್ಷನ್ ಆಗಿ ಕನಿಷ್ಠ 12 ಗಂಟೆ ಆದ ಮೇಲೆ ತೆಗೆಯುವುದು.

ಇದು ಬರೀ ಕಾಗದದ ಪ್ರಶ್ನೆಯೂ ಅಲ್ಲ. ಎಲ್‌ಎ, ಆ್ಯಂಟಿಕಾರ್ಡಿಯೊಲಿಪಿನ್, ಬೀಟಾ-2 ಮೂರೂ ಟೆಸ್ಟ್ ಪಾಸಿಟಿವ್ ಇದ್ದ ಎಪಿಎಸ್ ರೋಗಿಗಳಲ್ಲಿ ರಿವರಾಕ್ಸಬಾನ್ ಮತ್ತು ಹೆಪ್ಪು ತಡೆಯುವ ಇನ್ನೊಂದು ಮಾತ್ರೆ ವಾರ್ಫರಿನ್ ಹೋಲಿಸಿದ ಇಟಲಿಯ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ರಿವರಾಕ್ಸಬಾನ್ ಕಡೆ ತೊಂದರೆ ಜಾಸ್ತಿ ಆಯಿತೆಂದು ಅದನ್ನು ನಡುವೆಯೇ ನಿಲ್ಲಿಸಿದ್ದರು. ಇವರದ್ದು ಆ ಗುಂಪಲ್ಲ, ಆದರೂ ಎಪಿಎಸ್ ಹೌದೋ ಅಲ್ಲವೋ ಅನ್ನುವುದರ ಮೇಲೆ ಔಷಧವೇ ಬದಲಾಗಬಹುದು.

ಬನವಾಸಿರಸ್ತೆ (ಶಿರಸಿ):
ಡಾಕ್ಟರ ಹತ್ತಿರ ಮಾತಾಡಿದೆ ಮೇಡಂ. ಇದ್ದಿಲಿನ ದಾರಿಯೇ ಆಗಲಿ ಅಂದರು. ಎಪಿಎಸ್ ಖಚಿತ ಮಾಡಲು 12 ವಾರ ಬಿಟ್ಟು ಟೆಸ್ಟ್ ಮತ್ತೆ ಮಾಡಬೇಕಲ್ಲ, ಆ ಲೆಕ್ಕ ಯಾವಾಗಿಂದ?

ಕುಮಟಾದವಳು:
ನಂಬುವಂಥ ಪಾಸಿಟಿವ್ ಬಂದ ದಿನದಿಂದ. ಅಲ್ಲಿಂದ ಕನಿಷ್ಠ 12 ವಾರ ಬಿಟ್ಟು ಮಾಡಿದ್ದೂ ಪಾಸಿಟಿವ್ ಬಂದರೆ ಮಾತ್ರ ಲೆಕ್ಕಕ್ಕೆ. ಸೋಂಕು, ಜ್ವರ ಬಂದಾಗ ಸ್ವಲ್ಪ ದಿನ ಕಾಣಿಸಿ ಹೋಗುವ ಆ್ಯಂಟಿಬಾಡಿಗಳೂ ಇವೆ. ಆ್ಯಂಟಿಕಾರ್ಡಿಯೊಲಿಪಿನ್, ಬೀಟಾ-2 ಟೆಸ್ಟುಗಳಿಗೆ ಮಾತ್ರೆಯ ಅಡ್ಡಿ ಇಲ್ಲ, ಅವನ್ನು ನಂಬಬಹುದು. ಫಾರ್ಮ್‌ನಲ್ಲಿ ಔಷಧದ ಹೆಸರು, ಕೊನೆಯ ಡೋಸಿನ ಹೊತ್ತು, 'ಎರಡು ಸಲ ಸ್ಪಿನ್ ಆಗಿದೆ' ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ.

ಕಾಳಿತೀರ (ಕಾರವಾರ):
ಡ್ರೈ ಐಸ್ ಜೊತೆಗೇ ಕಳಿಸಿ, ಮಾಮೂಲಿ ಐಸ್ ಪ್ಯಾಕ್ ಸಾಲದು. ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾದರೆ ಸ್ಯಾಂಪಲ್ ಕೆಟ್ಟಂತೆ. ಎರಡು ಮೂರು ಸಣ್ಣ ವೈಯಲ್ ಮಾಡಿ, ಒಂದು ನಿಮ್ಮ ಫ್ರೀಜರಿನಲ್ಲೇ ಇರಲಿ. ಮತ್ತೆ, ಶನಿವಾರ ಕಳಿಸಬೇಡಿ. ಭಾನುವಾರ ಆ ಕಡೆ ಡಬ್ಬಿ ತೆಗೆದುಕೊಳ್ಳುವವರು ಇದ್ದಾರೋ ಇಲ್ಲವೋ.