ಜೈಸಲ್ಮೇರ್‌ನಲ್ಲಿ ಮನೆ: ದಪ್ಪ ಕಲ್ಲಿನ ಗೋಡೆಯೋ, ಹಗುರವಾದ ಬ್ಲಾಕೋ?

ಮರಳುಗಾಳಿ (ಪ್ರಶ್ನೆ)

ನಾನು ಹಾವೇರಿ ಜಿಲ್ಲೆಯವನು. ಪವನ ವಿದ್ಯುತ್ ಕ್ಷೇತ್ರದ ಉದ್ಯೋಗದ ನಿಮಿತ್ತ ಜೈಸಲ್ಮೇರ್‌ಗೆ ಬಂದು ಇಲ್ಲಿಯೇ ನೆಲೆಸಿದ್ದೇನೆ. ಊರ ಹೊರಗಿನ ಹೊಸ ಬಡಾವಣೆಯಲ್ಲಿ 40×60 ಅಡಿಯ ಸೈಟು ಇದ್ದು, ರಸ್ತೆ ಪಶ್ಚಿಮಕ್ಕಿದೆ. ತಂದೆ ತಾಯಿ ಮತ್ತು ಇಬ್ಬರು ಮಕ್ಕಳು ಸೇರಿ ನಾವು ಆರು ಜನ. ಇಲ್ಲಿನ ಮೇಸ್ತ್ರಿ, ಹಳೆಯ ಹವೇಲಿಗಳಂತೆ (ಹಿಂದಿನ ಸಿರಿವಂತರ ದೊಡ್ಡ ಮನೆಗಳು) 18 ಇಂಚಿನ ಹಳದಿ ಕಲ್ಲಿನ ಗೋಡೆ ಕಟ್ಟಿದರೆ ಏಸಿಯೇ ಬೇಡ ಎನ್ನುತ್ತಾರೆ. ಎಂಜಿನಿಯರ್, ಕಾಂಕ್ರೀಟ್ ಕಂಬಗಳ ನಡುವೆ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಇಟ್ಟಿಗೆ) ತುಂಬುವುದೇ ಸರಿ ಎನ್ನುತ್ತಾರೆ. ಮೇ ತಿಂಗಳಲ್ಲಿ ಹಗಲು 42 ಡಿಗ್ರಿ ಸಾಮಾನ್ಯ. ಪಕ್ಕದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತು. ವಿದ್ಯುತ್ತನ್ನೂ ನೀರನ್ನೂ ಮಿತವಾಗಿ ಬಳಸುವ ಮನೆ ನಮಗೆ ಬೇಕು. ಇವರಿಬ್ಬರಲ್ಲಿ ಯಾರ ಮಾತು ಸರಿ?

ಗಾರೆ_ಸುಣ್ಣ

ಇಬ್ಬರ ಮಾತೂ ಅರ್ಧರ್ಧ ಸರಿ, ಏಕೆಂದರೆ ಇಬ್ಬರೂ ಗೋಡೆಯ ಬಗ್ಗೆ ಮಾತಾಡುತ್ತಿದ್ದಾರೆಯೇ ಹೊರತು ನೀವು ಯಾವ ಹೊತ್ತಿನಲ್ಲಿ ಯಾವ ಕೋಣೆಯಲ್ಲಿ ಇರುತ್ತೀರಿ ಎಂದು ಕೇಳುತ್ತಿಲ್ಲ.

18 ಇಂಚಿನ ಕಲ್ಲಿನ ಗೋಡೆ ಬಿಸಿಲನ್ನು ತಡೆದು ನಿಲ್ಲಿಸುವುದಿಲ್ಲ, ಒಳಗೆ ಬರುವುದನ್ನು ಹತ್ತು ಹನ್ನೆರಡು ಗಂಟೆ ತಡಮಾಡುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಪಶ್ಚಿಮದ ಗೋಡೆ ಕುಡಿದ ಶಾಖ ಒಳಮೈಗೆ ಬಂದು ತಲುಪುವುದು ಬೆಳಗಿನ ಜಾವಕ್ಕೆ, ಅಂದರೆ ನೀವು ನಿದ್ದೆಯಲ್ಲಿರುವಾಗ. ಹವೇಲಿಯ ಜನಕ್ಕೆ ಇದು ತೊಂದರೆಯೆನಿಸಲಿಲ್ಲ. ಹಗಲು ಕೆಳಗಿನ ಕತ್ತಲೆ ಕೋಣೆಯಲ್ಲಿ ಕಳೆದು, ರಾತ್ರಿ ಹಾಸಿಗೆಯನ್ನು ತಾರಸಿಗೆ ಹೊತ್ತೊಯ್ಯುತ್ತಿದ್ದರು. ಜೊತೆಗೆ ಕಿರಿದಾದ ಗಲ್ಲಿಗಳಲ್ಲಿ ಎದುರುಮನೆಯ ನೆರಳು ಗೋಡೆಯ ಮೇಲೆ ಬೀಳುತ್ತಿತ್ತು, ಮುಂಚಾಚಿದ ಝರೋಖಾಗಳು (ಕೆತ್ತನೆಯ ಬಾಲ್ಕನಿ ಕಿಟಕಿಗಳು) ಉಳಿದ ಭಾಗಕ್ಕೆ ನೆರಳು ಕೊಡುತ್ತಿದ್ದವು. ಜೈಸಲ್ಮೇರಿನ ಪಟವೋಂಕೀ ಹವೇಲಿಯ ಮುಂಭಾಗವನ್ನು ಶಿಲ್ಪಕಲೆಗಾಗಿ ನೋಡುವವರು, ಆ ಕೆತ್ತನೆಯ ಒಂದೊಂದು ಉಬ್ಬೂ ತನ್ನ ಕೆಳಗಿನ ಕಲ್ಲಿಗೆ ನೆರಳಾಗಿರುವುದನ್ನೂ ಗಮನಿಸಬೇಕು. ನಿಮ್ಮ ಬಡಾವಣೆಯಲ್ಲಿ ಆ ನೆರಳೂ ಇಲ್ಲ, ಮಕ್ಕಳು ತಾರಸಿಯಲ್ಲಿ ಮಲಗುವ ರೂಢಿಯೂ ಬಹುಶಃ ಇಲ್ಲ.

ಆದ್ದರಿಂದ ಮನೆಯನ್ನು ಎರಡಾಗಿ ಯೋಚಿಸಿ. ಹಗಲು ಬಳಸುವ ನಡುಮನೆ, ಊಟದ ಕೋಣೆ ಮತ್ತು ಹಿರಿಯರ ಮಧ್ಯಾಹ್ನದ ವಿಶ್ರಾಂತಿಯ ಜಾಗ ಕೆಳಗೆ, ದಪ್ಪ ಕಲ್ಲಿನ ಗೋಡೆಗಳ ನಡುವೆ ಇರಲಿ. ಮಲಗುವ ಕೋಣೆಗಳು ಮೇಲೆ, ಬೇಗ ತಣಿಯುವ ಹಗುರವಾದ ಬ್ಲಾಕಿನಲ್ಲಿರಲಿ. ಪಶ್ಚಿಮದ ಅಂಚಿಗೆ ಮೆಟ್ಟಿಲು, ಬಚ್ಚಲು ಮತ್ತು ಉಗ್ರಾಣವನ್ನು ಸಾಲಾಗಿ ಹಾಕಿದರೆ ಅವುಗಳೇ ಬಿಸಿಲಿಗೆ ಎದೆಯೊಡ್ಡುತ್ತವೆ. ರಸ್ತೆ ಅತ್ತ ಇದೆ ಎಂಬ ಕಾರಣಕ್ಕೆ ದೊಡ್ಡ ಗಾಜಿನ ಕಿಟಕಿಯನ್ನು ಅತ್ತ ಇಡಬೇಡಿ.

ಗೋಡೆಗಿಂತ ಮೊದಲು ತಾರಸಿಗೆ ಹಣ ಮೀಸಲಿಡಿ. ಜೂನ್‌ನಲ್ಲಿ ನಿಮ್ಮಲ್ಲಿ ನಡುಹಗಲ ಸೂರ್ಯ ಸುಮಾರು 86 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ರಕ್ಷಣೆಯಿಲ್ಲದ 6 ಇಂಚಿನ ಕಾಂಕ್ರೀಟ್ ತಾರಸಿ ಸಂಜೆಗೆ ಕಾದ ಹಂಚಿನಂತಾಗುತ್ತದೆ. ಅದರ ಯು-ಮೌಲ್ಯ (ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಎಂಬ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) 3ನ್ನು ಮೀರುತ್ತದೆ, ಆದರೆ ಮನೆಗಳ ಇಂಧನ ಉಳಿತಾಯಕ್ಕೆಂದು ಕೇಂದ್ರ ಸರ್ಕಾರ ರೂಪಿಸಿದ 2018ರ ಇಕೋ ನಿವಾಸ್ ಸಂಹಿತಾ ತಾರಸಿಗೆ ಇಟ್ಟಿರುವ ಮಿತಿ 1.2. ಕಾಂಕ್ರೀಟಿನ ಮೇಲೆ 2 ಇಂಚಿನ ಶಾಖನಿರೋಧಕ ಫೋಮ್ ಹಲಗೆ, ಅದರ ಮೇಲೆ ಗಾರೆ, ಕೊನೆಗೆ ಬಿಳಿಯ ಪಿಂಗಾಣಿ ಚೂರುಗಳ ಹೊದಿಕೆ ಹಾಕಿದರೆ ಅದು 0.5ರ ಆಸುಪಾಸಿಗೆ ಇಳಿಯುತ್ತದೆ. ಫೋಮ್ ಮೇಲುಗಡೆಯೇ ಇರಬೇಕು. ಒಳಛಾವಣಿಗೆ ಅಂಟಿಸಿದರೆ ಕಾಂಕ್ರೀಟ್ ದಿನವಿಡೀ ಬಿಸಿಲಲ್ಲಿ ಬೇಯುತ್ತಲೇ ಇರುತ್ತದೆ.

ದಕ್ಷಿಣದ ಕಿಟಕಿಗಳಿಗೆ ಹೆದರಬೇಕಾಗಿಲ್ಲ. ಕಿಟಕಿಯ ತಲೆಯ ಮೇಲೆ 2 ಅಡಿ ಸಜ್ಜಾ ಇದ್ದು, ಕಿಟಕಿ 4 ಅಡಿ ಎತ್ತರವಿದ್ದರೆ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಡುಹಗಲ ಬಿಸಿಲು ಒಳಗೆ ಬಾರದು. ಡಿಸೆಂಬರ್‌ನಲ್ಲಿ ಸೂರ್ಯ 40 ಡಿಗ್ರಿಗೆ ಇಳಿದಾಗ ಅದೇ ಕಿಟಕಿಯ ಅರ್ಧಕ್ಕಿಂತ ಹೆಚ್ಚು ಭಾಗ ಬಿಸಿಲನ್ನು ಒಳಗೆ ಬಿಡುತ್ತದೆ. ಅಲ್ಲಿನ ಚಳಿಗಾಲದ ರಾತ್ರಿಗಳನ್ನು ಕಂಡವರಿಗೆ ಅದರ ಬೆಲೆ ಗೊತ್ತು.

ಶಹಾಬಾದಿ ಹಾಸು

ಕಲಬುರಗಿ ಕಡೆಯ ನಮ್ಮ ಮಾಳಿಗೆ ಮನೆಗಳಲ್ಲಿಯೂ ಇದೇ ಕ್ರಮವಿತ್ತು: ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಮೇಲೆ ಸಣ್ಣ ಬೆಳಕಿಂಡಿ, ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ನಿದ್ದೆ. ಆದರೆ ಕಲ್ಲಿನ ಬಗ್ಗೆ ಮೇಲಿನವರು ಸ್ವಲ್ಪ ಕಠಿಣವಾಗಿ ಬರೆದಿದ್ದಾರೆ ಎನಿಸಿತು. ಜೈಸಲ್ಮೇರ್ ಬಳಿಯ ಕನೋಯಿ ಗ್ರಾಮದಲ್ಲಿ ವಾಸ್ತುಶಿಲ್ಪಿ ಡಯಾನಾ ಕೆಲಾಗ್ ವಿನ್ಯಾಸಗೊಳಿಸಿದ ರಾಜಕುಮಾರಿ ರತ್ನಾವತಿ ಬಾಲಕಿಯರ ಶಾಲೆ ಸ್ಥಳೀಯ ಮರಳುಗಲ್ಲಿನದೇ. ಅಂಡಾಕಾರದ ಅಂಗಳ, ಜಾಲಂದ್ರದ ಗೋಡೆ, ಮೇಲೆ ಸೌರ ಫಲಕಗಳ ಚಪ್ಪರ ಇವೆ, ಏಸಿ ಇಲ್ಲ.

ಗಾರೆ_ಸುಣ್ಣ

ಸೊಗಸಾದ ಕಟ್ಟಡ, ಒಪ್ಪುತ್ತೇನೆ ಸರ್. ಆದರೆ ಶಾಲೆ ಹಗಲಿನ ಕಟ್ಟಡ. ರಾತ್ರಿ ಕಲ್ಲು ಶಾಖವನ್ನು ಹೊರಬಿಡುವಾಗ ಅಲ್ಲಿ ಯಾರೂ ಮಲಗಿರುವುದಿಲ್ಲ. ಸಂಸಾರದ ಮನೆಗೆ ಅದರಿಂದ ಅಂಗಳವನ್ನೂ ಜಾಲಂದ್ರವನ್ನೂ ಧಾರಾಳವಾಗಿ ಎರವಲು ಪಡೆಯಬಹುದು. ಅಂಗಳ ಮಾತ್ರ ಅಗಲಕ್ಕಿಂತ ಎತ್ತರ ಹೆಚ್ಚಿರುವಂತೆ, ಅಗಲ ಹತ್ತು ಹನ್ನೆರಡು ಅಡಿಯೊಳಗೆ ಇರಲಿ. ವಿಶಾಲವಾದರೆ ಅದೇ ಬಿಸಿಲಿನ ತೊಟ್ಟಿಯಾಗುತ್ತದೆ.

ನೀರ_ನೆಲೆ

ಜೋಧಪುರದಲ್ಲಿ ಬಹುಕಾಲದಿಂದ ಇರುವವಳಾಗಿ ನೀರಿನ ಬಗ್ಗೆ ಹೇಳುತ್ತೇನೆ. ಏಸಿ ಬೇಡವೆಂದವರೆಲ್ಲ ಕೂಲರ್ ಹಾಕುತ್ತಾರೆ, ಮೇ ತಿಂಗಳಲ್ಲಿ ಅದು ನಿಜಕ್ಕೂ ಒಳ್ಳೆಯದೇ. ಹೊರಗೆ 42 ಡಿಗ್ರಿ, ಆರ್ದ್ರತೆ ಶೇ. 20 ಇದ್ದಾಗ ಒಳ್ಳೆಯ ಕೂಲರ್ 28 ಡಿಗ್ರಿಯ ಗಾಳಿ ಕೊಡಬಲ್ಲದು. ಆದರೆ ದೊಡ್ಡ ಕೂಲರ್ ಗಂಟೆಗೆ ಹತ್ತು ಲೀಟರ್ ನೀರು ಕುಡಿಯುವುದುಂಟು, ಮತ್ತು ಗಡಸು ನೀರಾದರೆ ಹುಲ್ಲಿನ ಪ್ಯಾಡಿನ ಮೇಲೆ ಬಿಳಿಯ ಉಪ್ಪು ಗಟ್ಟಿಯಾಗಿ ಕೂತು ಗಾಳಿಯ ದಾರಿಯನ್ನೇ ಕಟ್ಟುತ್ತದೆ. ಜುಲೈ, ಆಗಸ್ಟ್‌ನಲ್ಲಿ ಗಾಳಿಯಲ್ಲಿ ತೇವ ಏರಿದ ಮೇಲೆ ಕೂಲರ್ ಸೆಕೆಯನ್ನು ಹೆಚ್ಚಿಸುತ್ತದೆಯೇ ವಿನಾ ಇಳಿಸುವುದಿಲ್ಲ. ಅಪ್ಪ ಅಮ್ಮನ ಕೋಣೆಗೆ ಒಂದು ಸಣ್ಣ ಇನ್ವರ್ಟರ್ ಏಸಿ ಇರಲಿ, ಸಂಕೋಚಪಡಬೇಡಿ. ಚೆನ್ನಾಗಿ ಮುಚ್ಚಿದ ಹಗುರ ಕೋಣೆಗೆ ಅದು ತಿನ್ನುವ ವಿದ್ಯುತ್ ಕಡಿಮೆಯೇ.

ಮಳೆನೀರಿಗೆ ಅಂಗಳದ ಕೆಳಗೆ ಟಾಂಕಾ ಕಟ್ಟಿಸಿ. ನಮ್ಮ ಕಡೆಯ ಸಂಪಿನಂತೆಯೇ, ಆದರೆ ಬೆಳಕು ಸುಳಿಯದಂತೆ ಬಿಗಿಯಾಗಿ ಮುಚ್ಚಿರಬೇಕು. ಸಾವಿರ ಚದರಡಿ ತಾರಸಿಯ ಮೇಲೆ ವರ್ಷಕ್ಕೆ 200 ಮಿ.ಮೀ. ಮಳೆ ಬಿದ್ದರೆ, ಸೋರಿಕೆ ಕಳೆದು 15,000 ಲೀಟರ್ ಸಿಗುತ್ತದೆ. ಆರು ಜನರ ಕುಡಿಯುವ ಮತ್ತು ಅಡುಗೆಯ ನೀರು ದಿನಕ್ಕೆ 40 ಲೀಟರ್ ಎಂದರೆ ಒಂದು ವರ್ಷ ಸಾಗುತ್ತದೆ. ಮೊದಲ ಮಳೆಯನ್ನು ಮಾತ್ರ ಹೊರಗೆ ಬಿಡಿ, ಆಂಧಿಯ (ಬೇಸಿಗೆಯ ಧೂಳುಗಾಳಿ) ಧೂಳೆಲ್ಲ ಅದರಲ್ಲಿರುತ್ತದೆ.

ಮರಳುಗಾಳಿ

ಎಲ್ಲರಿಗೂ ಧನ್ಯವಾದಗಳು. ಕೆಳಗೆ ಕಲ್ಲು, ಮೇಲೆ ಬ್ಲಾಕ್ ಎಂಬುದನ್ನು ಎಂಜಿನಿಯರ್ ಒಪ್ಪಿದ್ದಾರೆ. ಇನ್ನೊಂದು ಸಂದೇಹ: 3 ಕಿಲೋವ್ಯಾಟ್ ಸೌರ ಫಲಕ ಹಾಕಿಸಬೇಕೆಂದಿದ್ದೇನೆ, ಅದಕ್ಕೆ ಪಿಎಂ ಸೂರ್ಯ ಘರ್ ಯೋಜನೆಯಡಿ 78,000 ರೂಪಾಯಿ ಸಹಾಯಧನವಿದೆ. ತಾರಸಿಯ ಬಿಳಿ ಹೊದಿಕೆಯ ಮೇಲೆ ಅದನ್ನು ನೇರವಾಗಿ ಕೂರಿಸಬಹುದೇ?

ನೀರ_ನೆಲೆ

ನೇರವಾಗಿ ಬೇಡ. ಆಳೆತ್ತರದ ಚೌಕಟ್ಟಿನ ಮೇಲೆ ಕೂರಿಸಿದರೆ ಫಲಕದ ಕೆಳಗೆ ಗಾಳಿ ಆಡುತ್ತದೆ, ತಾರಸಿಗೂ ನೆರಳಾಗುತ್ತದೆ. ಫಲಕ ಕಾದಷ್ಟೂ ಉತ್ಪಾದನೆ ಇಳಿಯುತ್ತದೆ. 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿಗೂ ಶೇ. 0.3ರಿಂದ 0.4ರಷ್ಟು. ಚೌಕಟ್ಟು ಆಂಧಿಗೆ ಅಲುಗದಂತೆ ಅದರ ಕಾಲುಗಳನ್ನು ತಾರಸಿಯ ಕಾಂಕ್ರೀಟ್ ಹಾಕುವಾಗಲೇ ನೆಡಿಸಿ. ಆಮೇಲೆ ಕೊರೆದರೆ ಫೋಮ್ ಮತ್ತು ಗಾರೆಯ ಪದರಗಳೊಳಗೆ ನೀರು ಇಳಿಯುತ್ತದೆ. ಧೂಳನ್ನು ಬೆಳಗಿನ ಜಾವ, ಗಾಜು ತಣ್ಣಗಿರುವಾಗ, ಮೊದಲು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ. ಅಲ್ಲಿಗೆ ಹತ್ತಲು ಏಣಿಯನ್ನಲ್ಲ, ಮೆಟ್ಟಿಲನ್ನೇ ನಕ್ಷೆಯಲ್ಲಿ ಸೇರಿಸಿ.