ನಿಯಮ ಬಾಯಿಪಾಠ, ಬರೆಯುವಾಗ ಮಾತ್ರ ಕ್ಯಾಪಿಟಲ್ ಲೆಟರ್ ಎಡವಟ್ಟು: ಎಲ್ಲಿಂದ ಹಿಡಿಯುವುದು?

ಎಂಟನೇ_ಬಿ_ಮೇಡಂ:
ಕನ್ನಡ ಮಾಧ್ಯಮ, ಎಂಟನೇ ತರಗತಿ. ವಾಕ್ಯದ ಮೊದಲಕ್ಷರ, ಹೆಸರುಗಳು, ‘ನಾನು’ ಅನ್ನುವ ಐ – ನಿಯಮ ಕೇಳಿದರೆ ಎಲ್ಲರೂ ಪಟಪಟ ಹೇಳುತ್ತಾರೆ. ಬರೆಯಲು ಕೊಟ್ಟರೆ ‘ಸ್ಕೂಲ್’ ಪದದ ಕೊನೆಯ ಎಲ್ ದೊಡ್ಡದು, ‘ಕರ್ನಾಟಕ’ದ ನಡುವಿನ ಆರ್ ಮತ್ತು ಕೆ ದೊಡ್ಡವು, ‘ಇಂಗ್ಲಿಷ್’ನ ಮೊದಲಕ್ಷರ ಚಿಕ್ಕದು. ಹೊಸ ಸಾಲು ಶುರುವಾದರೆ ಸಾಕು, ವಾಕ್ಯ ಮುಗಿದಿರಲಿ ಬಿಡಲಿ, ಕ್ಯಾಪಿಟಲ್. ನೆಟ್‌ನಿಂದ ಇಳಿಸಿಕೊಂಡ ವರ್ಕ್‌ಶೀಟ್‌ನಲ್ಲಿ ಹತ್ತಕ್ಕೆ ಒಂಬತ್ತು ತೆಗೆಯುವವರೇ ಪ್ರಬಂಧದಲ್ಲಿ ಹೀಗೆ ಬರೆಯುತ್ತಾರೆ. ವಾರಕ್ಕೆ ಒಂದು ಪೀರಿಯಡ್‌ಗಿಂತ ಹೆಚ್ಚು ಇದಕ್ಕೆ ಕೊಡಲಾಗದು. ಯಾವ ಕ್ರಮದಲ್ಲಿ ಹೋಗಬೇಕು?

ನಾಲ್ಕುಗೆರೆ:
ಮೇಡಂ, ನಿಮ್ಮ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಜಾತಿಯ ತಪ್ಪುಗಳಿವೆ. ನಡುವೆ ನುಗ್ಗುವ ಆರ್, ಕೆ, ಎಲ್ ಕೈಬರಹದ ತಪ್ಪು. ‘ಇಂಗ್ಲಿಷ್’ನದು ವ್ಯಾಕರಣದ ತಪ್ಪು. ಮೊದಲ ಪೀರಿಯಡ್‌ನಲ್ಲಿ ಏನೂ ಕಲಿಸಬೇಡಿ, ಇವೆರಡನ್ನು ಬೇರೆ ಮಾಡಿಕೊಳ್ಳಿ. ಆರು ಸಾಲಿನ ಗದ್ಯವನ್ನು ಬೋರ್ಡ್ ಮೇಲೆ ಸರಿಯಾಗಿ ಬರೆದು ನೋಡಿಕೊಂಡು ಬರೆಯಲು ಹೇಳಿ. ಆಮೇಲೆ ಪೂರ್ತಿ ಚಿಕ್ಕಕ್ಷರದಲ್ಲಿ ಅಚ್ಚಾದ ಇನ್ನೊಂದು ಆರು ಸಾಲಿನ ಜೆರಾಕ್ಸ್ ಕೊಟ್ಟು, ಕ್ಯಾಪಿಟಲ್ ಬೇಕಾದ ಅಕ್ಷರದ ಕೆಳಗೆ ಗೆರೆ ಎಳೆಸಿ. ತಿದ್ದಿ ಬರೆಸಬೇಡಿ, ಗೆರೆ ಮಾತ್ರ. ನೋಡಿಕೊಂಡು ಬರೆದಾಗಲೂ ತಪ್ಪಿದರೆ ಕೈಯ ಸಮಸ್ಯೆ, ಗೆರೆ ತಪ್ಪಿದರೆ ನಿಯಮದ ಸಮಸ್ಯೆ. ಎರಡರಲ್ಲೂ ಸರಿಯಿದ್ದು ಪ್ರಬಂಧದಲ್ಲಿ ಮಾತ್ರ ತಪ್ಪುವ ಮಗುವಿಗೆ ಪಾಠವೇ ಬೇಡ, ಬರೆದು ಮುಗಿಸಿದ ಮೇಲೆ ಒಮ್ಮೆ ಓದಿ ನೋಡುವ ರೂಢಿ ಸಾಕು.

ಕೈಯ ತಪ್ಪಿಗೆ ಮೂರು ಮೂಲಗಳಿವೆ. ಒಂದು, ದೊಡ್ಡ ಎಬಿಸಿಡಿ ಮೊದಲು ಕಲಿತು ಕೈ ಅದಕ್ಕೇ ಪಳಗಿರುವುದು. ಆರ್, ಕೆ ಇಲ್ಲಿ ಬರುತ್ತವೆ. ಎರಡು, ಚಿಕ್ಕ ಬಿ ಮತ್ತು ಚಿಕ್ಕ ಡಿ ಹೊಟ್ಟೆ ಯಾವ ಕಡೆ ಅನ್ನುವ ಗೊಂದಲ. ಅದನ್ನು ತಪ್ಪಿಸಿಕೊಳ್ಳಲು ಮಕ್ಕಳು ದೊಡ್ಡ ಬಿ, ದೊಡ್ಡ ಡಿ ಬರೆದುಬಿಡುತ್ತಾರೆ. ಇಂಥವರಿಗೆ ಕ್ಯಾಪಿಟಲ್ ಪಾಠ ಮಾಡಿ ಫಲವಿಲ್ಲ, ಆ ಎರಡು ಅಕ್ಷರಗಳನ್ನೇ ತಿದ್ದಿಸಬೇಕು. ಮೂರನೆಯದು ಎತ್ತರ. ಸಿ, ಓ, ಎಸ್, ಯು, ವಿ, ಡಬ್ಲ್ಯು, ಎಕ್ಸ್, ಝಡ್ – ಈ ಎಂಟಕ್ಕೆ ದೊಡ್ಡದು ಚಿಕ್ಕದು ಆಕಾರ ಒಂದೇ, ಅಳತೆಯಲ್ಲಷ್ಟೇ ವ್ಯತ್ಯಾಸ. ನಾಲ್ಕು ಗೆರೆಯ ಪುಸ್ತಕದಲ್ಲಿ ದೊಡ್ಡ ಅಕ್ಷರ ಒಂದರಿಂದ ಮೂರನೇ ಗೆರೆಯವರೆಗೆ, ಈ ಎಂಟರ ಚಿಕ್ಕ ರೂಪ ಎರಡರಿಂದ ಮೂರರವರೆಗೆ. ಹೈಸ್ಕೂಲಿಗೆ ಬಂದ ಕೂಡಲೇ ಸಿಂಗಲ್ ರೂಲ್ ನೋಟ್‌ಬುಕ್ ಕೈಗೆ ಬರುತ್ತದೆ, ಅಳತೆ ಹೇಳುವ ಗೆರೆ ಮಾಯ. ಎರಡು ಗೆರೆಗಳ ಮಧ್ಯೆ ಪೆನ್ಸಿಲ್‌ನಲ್ಲಿ ತೆಳುವಾಗಿ ಇನ್ನೊಂದು ಗೆರೆ ಹಾಕಿಸಿ, ದಿನಕ್ಕೆ ನಾಲ್ಕು ಸಾಲು ಸಾಕು. ಚಿಕ್ಕ ಪಿ ಬಾಲ ಮಾತ್ರ ಬರೆಯುವ ಗೆರೆಯಿಂದ ಕೆಳಕ್ಕಿಳಿಯಬೇಕು. ಮೇಲೆಯೇ ಕೂತರೆ ಅದು ದೊಡ್ಡ ಪಿ ಆಗಿಯೇ ಕಾಣುತ್ತದೆ.

ಹೊಸ ಸಾಲಿಗೆಲ್ಲ ಕ್ಯಾಪಿಟಲ್ ಹಾಕುವುದು ಪದ್ಯದಿಂದ ಬಂದದ್ದು. ಇಂಗ್ಲಿಷ್ ಪಠ್ಯದ ಹಳೆಯ ಪದ್ಯಗಳಲ್ಲಿ ಪ್ರತಿ ಸಾಲೂ ದೊಡ್ಡಕ್ಷರದಿಂದಲೇ ಶುರು. ಪದ್ಯದ ಒಂದು ಪುಟ, ಗದ್ಯದ ಒಂದು ಪುಟ ಅಕ್ಕಪಕ್ಕ ಇಟ್ಟು ತೋರಿಸಿ, ಹತ್ತು ನಿಮಿಷದ ಕೆಲಸ.

ಜರ್ಮನಿ_ಕನ್ನಡಿಗ:
ವರ್ಕ್‌ಶೀಟ್ ಬಗ್ಗೆ ಒಂದು ಮಾತು. ನೆಟ್‌ನಲ್ಲಿ ಸಿಗುವವುಗಳಲ್ಲಿ ವಾರ, ತಿಂಗಳು, ಭಾಷೆಗಳ ಹೆಸರಿನ ಅಭ್ಯಾಸವೇ ತುಂಬಿರುತ್ತದೆ. ಸ್ಪ್ಯಾನಿಷ್, ಫ್ರೆಂಚ್ ಮಾತಾಡುವವರಿಗೆ ಅದು ಬೇಕೇ ಬೇಕು, ಏಕೆಂದರೆ ಅವರ ಭಾಷೆಯಲ್ಲಿ ಇವೆಲ್ಲ ಚಿಕ್ಕಕ್ಷರದಲ್ಲೇ. ಇಲ್ಲಿನ ಜರ್ಮನ್ ಮಕ್ಕಳದು ಉಲ್ಟಾ ತೊಂದರೆ: ಜರ್ಮನ್‌ನಲ್ಲಿ ಎಲ್ಲ ನಾಮಪದಗಳಿಗೂ ದೊಡ್ಡಕ್ಷರ, ಆದ್ದರಿಂದ ಇಂಗ್ಲಿಷ್‌ನಲ್ಲೂ ಮೇಜು, ನಾಯಿ ಎಲ್ಲಕ್ಕೂ ಕ್ಯಾಪಿಟಲ್. ಆದರೆ ‘ನಾನು’ ಅನ್ನುವ ಪದಕ್ಕೆ ಜರ್ಮನ್‌ನಲ್ಲಿ ವಾಕ್ಯದ ನಡುವೆ ಚಿಕ್ಕದೇ. ಇವರೆಲ್ಲರಿಗೂ ದೊಡ್ಡದು ಚಿಕ್ಕದು ಎಂಬ ಭೇದ ಮೊದಲೇ ಗೊತ್ತು, ಬದಲಾಗಬೇಕಾದದ್ದು ಜಾಗ ಮಾತ್ರ. ಕನ್ನಡ ಲಿಪಿಯಲ್ಲಿ ಆ ಭೇದವೇ ಇಲ್ಲ. ಹುಡುಕುವುದಾದರೆ ಅರಬ್ಬಿ, ಚೀನಿ, ಥಾಯ್ ಮಾತಾಡುವವರಿಗೆಂದು ಮಾಡಿದ ಸಾಮಗ್ರಿ ಹುಡುಕಿ. ಆ ಲಿಪಿಗಳಲ್ಲೂ ಭೇದವಿಲ್ಲ, ಅಭ್ಯಾಸಗಳು ಅಕ್ಷರದಿಂದಲೇ ಶುರುವಾಗುತ್ತವೆ.

ಹಳಗನ್ನಡ_ಹುಚ್ಚ:
ನಿಯಮದ ಭಾಗಕ್ಕೆ ಕನ್ನಡ ವ್ಯಾಕರಣವೇ ಇದೆಯಲ್ಲ, ಯಾಕೆ ಬಿಡುತ್ತೀರಿ? ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಮಕ್ಕಳಿಗೆ ಕನ್ನಡ ಪೀರಿಯಡ್‌ನಲ್ಲಿ ಆಗಿರುತ್ತದೆ. ನದಿ ರೂಢನಾಮ, ಚಿಕ್ಕದು. ಕಾವೇರಿ ಅಂಕಿತನಾಮ, ದೊಡ್ಡದು. ವ್ಯಾಪಾರಿ, ಶಿಕ್ಷಕ ಅನ್ವರ್ಥನಾಮ, ಚಿಕ್ಕದು. ಮುಕ್ಕಾಲು ಕೆಲಸ ಇಷ್ಟಕ್ಕೇ ಮುಗಿಯಿತು.

ಈ ಸೂತ್ರ ಹಿಡಿಯದ ಜಾಗಗಳನ್ನು ಮಾತ್ರ ಬೇರೆಯಾಗಿ ಹೇಳಿ. ಭಾಷೆ, ದೇಶದ ಜನ, ವಾರ, ತಿಂಗಳು, ಹಬ್ಬ ಇವಕ್ಕೆ ದೊಡ್ಡದು. ಬೇಸಿಗೆ, ಚಳಿಗಾಲಕ್ಕೆ ಚಿಕ್ಕದು. ವಾಕ್ಯದೊಳಗೆ ಗಣಿತ, ವಿಜ್ಞಾನ ಚಿಕ್ಕದು, ಆದರೆ ಪಕ್ಕದಲ್ಲೇ ಇರುವ ಕನ್ನಡ, ಹಿಂದಿ ದೊಡ್ಡದು, ಯಾಕೆಂದರೆ ಅವು ಭಾಷೆಯ ಹೆಸರು. ಟೈಮ್‌ಟೇಬಲ್‌ನಲ್ಲಿ ಎಲ್ಲವೂ ದೊಡ್ಡಕ್ಷರದಲ್ಲಿ ಇರುವುದನ್ನು ನೋಡಿ ಮಕ್ಕಳು ತಬ್ಬಿಬ್ಬಾಗುತ್ತಾರೆ, ಅದು ಶೀರ್ಷಿಕೆಯ ಪದ್ಧತಿ ಎಂದು ಹೇಳಿಬಿಡಿ.

ಅಪ್ಪ, ಅಮ್ಮ, ಅಂಕಲ್‌ಗೆ ಒಂದು ಪರೀಕ್ಷೆ: ಆ ಜಾಗದಲ್ಲಿ ‘ಲಲಿತಾ’ ಎಂದು ಹೆಸರಿಟ್ಟು ಓದಿ. ‘ಮದರ್ ಈಸ್ ಕುಕಿಂಗ್’ ಇದ್ದದ್ದು ‘ಲಲಿತಾ ಈಸ್ ಕುಕಿಂಗ್’ ಆಗುತ್ತದೆ, ಸರಿಹೋಯಿತು, ದೊಡ್ಡದು. ‘ಮೈ ಮದರ್’ ಹೋಗಿ ‘ಮೈ ಲಲಿತಾ’ ಆದರೆ ಕೂರುವುದಿಲ್ಲ, ಚಿಕ್ಕದು.

ಇನ್ನೊಂದು. ಮಕ್ಕಳು ತಮ್ಮ ಹೆಸರನ್ನು ಪೂರ್ತಿ ಕ್ಯಾಪಿಟಲ್‌ನಲ್ಲಿ ಬರೆದರೆ ಬೈಯಬೇಡಿ. ಅರ್ಜಿಗಳಲ್ಲಿ ಹಾಗೇ ತುಂಬಿಸುತ್ತೇವೆ, ಅಂಕಪಟ್ಟಿಯಲ್ಲೂ ಹಾಗೇ ಅಚ್ಚಾಗಿರುತ್ತದೆ.

ಲ್ಯಾಬ್_ಟೀಚರ್:
ವಿಜ್ಞಾನದವರಿಗೂ ಒಂದು ಮಾತು ಹೇಳಿಡಿ, ಅಲ್ಲಿ ಕ್ಯಾಪಿಟಲ್ ತಪ್ಪಿದರೆ ಅರ್ಥವೇ ಬದಲು. ಸಿ ದೊಡ್ಡದು, ಓ ಚಿಕ್ಕದು ಬರೆದರೆ ಕೋಬಾಲ್ಟ್. ಎರಡೂ ದೊಡ್ಡದಾದರೆ ಕಾರ್ಬನ್ ಮೊನಾಕ್ಸೈಡ್. ಓ, ನೋಡಿ, ಮೇಲೆ ಹೇಳಿದ ಎಂಟು ಅಕ್ಷರಗಳಲ್ಲೇ ಒಂದು! ವ್ಯಾಟ್‌ನ ಮುಂದಿನ ಎಂ ಚಿಕ್ಕದಾದರೆ ಮಿಲಿ, ದೊಡ್ಡದಾದರೆ ಮೆಗಾ, ನಡುವೆ ನೂರು ಕೋಟಿ ಪಟ್ಟು ಅಂತರ. ಕಿಲೋಗ್ರಾಂ, ಕಿಲೋಮೀಟರಿನ ಸಂಕೇತ ಚಿಕ್ಕಕ್ಷರದಲ್ಲೇ. ಅಂಗಡಿ ಬೋರ್ಡ್‌ಗಳು ಏನೇ ಬರೆಯಲಿ, ದೊಡ್ಡ ಕೆ ಎಂದರೆ ಕೆಲ್ವಿನ್. ವಿಜ್ಞಾನಿಗಳ ಹೆಸರಿನ ಮಾನಗಳಲ್ಲಿ ಸಂಕೇತ ದೊಡ್ಡದು, ಪೂರ್ತಿ ಪದ ಬರೆದರೆ ಚಿಕ್ಕದು: ನ್ಯೂಟನ್, ವೋಲ್ಟ್, ವ್ಯಾಟ್ ಎಲ್ಲವೂ.

ಬರಹ_ಬಳಕೆದಾರ:
ಕಂಪ್ಯೂಟರ್ ಕಲಿತ ಮಕ್ಕಳಿದ್ದರೆ ಇದನ್ನೂ ಗಮನಿಸಿ. ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಇಂಗ್ಲಿಷ್ ಅಕ್ಷರದಿಂದ ಕನ್ನಡ ಮೂಡಿಸುವಾಗ ಚಿಕ್ಕ ಎನ್ ಒತ್ತಿದರೆ ನ, ದೊಡ್ಡದು ಒತ್ತಿದರೆ ಣ, ಎಲ್ ಕೂಡ ಹಾಗೇ, ಲ ಮತ್ತು ಳ. ಆ ರೂಢಿಯಲ್ಲೇ ಇಂಗ್ಲಿಷ್ ಪತ್ರದಲ್ಲಿ ‘ಬಳ್ಳಾರಿ’ಯ ನಡುವೆ ಎರಡು ದೊಡ್ಡ ಎಲ್ ಬರುತ್ತವೆ. ಇಂಗ್ಲಿಷ್‌ನಲ್ಲಿ ಕ್ಯಾಪಿಟಲ್ ಉಚ್ಚಾರಣೆ ಬದಲಿಸುವುದಿಲ್ಲ ಎಂದು ಒಮ್ಮೆ ಬಿಡಿಸಿ ಹೇಳಬೇಕು.

ಎಂಟನೇ_ಬಿ_ಮೇಡಂ:
ಎಲ್ಲರಿಗೂ ಧನ್ಯವಾದ. ಬರೆದದ್ದನ್ನು ಓದಿ ನೋಡುವ ರೂಢಿ ಹೇಗೆ ಹತ್ತಿಸುವುದು? ಪತ್ರಲೇಖನದಲ್ಲಿ ಯಾವುದಕ್ಕೆ ಒತ್ತು ಕೊಡಲಿ?

ನಾಲ್ಕುಗೆರೆ:
ಕೆಂಪು ಪೆನ್ನಲ್ಲಿ ಅಕ್ಷರ ತಿದ್ದುವುದು ನಿಲ್ಲಿಸಿ. ತಪ್ಪಿರುವ ಸಾಲಿನ ಪಕ್ಕ ಮಾರ್ಜಿನ್‌ನಲ್ಲಿ ಎಷ್ಟು ತಪ್ಪು ಎಂಬ ಅಂಕಿ ಮಾತ್ರ ಬರೆಯಿರಿ. ಹುಡುಕುವುದು, ತಿದ್ದುವುದು ಮಗುವಿನ ಕೆಲಸ, ಆಮೇಲೆ ಮತ್ತೊಮ್ಮೆ ನೋಡಿ. ಒಂದು ವಾರ ಒಂದೇ ಬಗೆಯ ತಪ್ಪನ್ನು ಎಣಿಸಿ, ಈ ವಾರ ಪದದ ನಡುವಿನ ದೊಡ್ಡಕ್ಷರ, ಮುಂದಿನ ವಾರ ಭಾಷೆಗಳ ಹೆಸರು. ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಮಕ್ಕಳು ಅಂಕಿ ನೋಡಿಯೇ ಪುಸ್ತಕ ಮುಚ್ಚುತ್ತಾರೆ.

ಪತ್ರದಲ್ಲಿ ‘ಡಿಯರ್ ಸರ್’ನ ಎರಡೂ ಪದಕ್ಕೆ ದೊಡ್ಡದು. ‘ಯುವರ್ಸ್ ಫೇತ್‌ಫುಲಿ’ಯಲ್ಲಿ ಮೊದಲ ಪದಕ್ಕೆ ಮಾತ್ರ, ಎಫ್ ಚಿಕ್ಕದು; ಹೆಚ್ಚಿನವರು ತಪ್ಪುವುದು ಇಲ್ಲೇ. ‘ಥ್ಯಾಂಕಿಂಗ್ ಯು’ನಲ್ಲಿ ವೈ ಚಿಕ್ಕದು. ‘ಡಿಯರ್ ಸರ್’ ಆದ ಮೇಲೆ ಅಲ್ಪವಿರಾಮ ಇದ್ದರೂ ಮುಂದಿನ ಸಾಲು ದೊಡ್ಡಕ್ಷರದಿಂದಲೇ ಶುರು. ಅಲ್ಪವಿರಾಮದ ಮುಂದೆ ಕ್ಯಾಪಿಟಲ್ ಬೇಡ ಎಂದು ಹೇಳಿಕೊಟ್ಟ ಮೇಲೆ ಇದು ಅಪವಾದವಾಗಿ ಬರುತ್ತದೆ, ಹಾಗಾಗಿ ಪತ್ರವನ್ನು ಕೊನೆಗೆ ಇಟ್ಟುಕೊಳ್ಳಿ. ಮುಖ್ಯೋಪಾಧ್ಯಾಯರ ಹುದ್ದೆ ವಿಳಾಸದಲ್ಲಿ ದೊಡ್ಡಕ್ಷರ; ಪತ್ರದ ಒಳಗೆ ‘ಅವರ್ ಹೆಡ್‌ಮಾಸ್ಟರ್’ ಎಂದು ಬಂದರೆ ಚಿಕ್ಕದು, ಲಲಿತಾ ಪರೀಕ್ಷೆ ಅಲ್ಲೂ ನಡೆಯುತ್ತದೆ.