ಡಿಸ್ಕ್ ಸದಾ ಶೇ. 100 ತೋರಿಸುತ್ತಿದೆ: ಯಾವ ಪ್ರೋಗ್ರಾಂಗಳನ್ನು ನಿಲ್ಲಿಸಬಹುದು?

ಪ್ರಶ್ನೆ: ಅಕ್ಷರಜೋಡಣೆ

ಎಲ್ಲರಿಗೂ ನಮಸ್ಕಾರ. ನಾನು ಡಿಟಿಪಿ, ಅಂದರೆ ಕಂಪ್ಯೂಟರ್‌ನಲ್ಲಿ ಪುಟ ಜೋಡಿಸುವ ಕೆಲಸ ಮಾಡುವವನು. ಏಳನೆಯ ತಲೆಮಾರಿನ ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್ ಮತ್ತು ನಿಮಿಷಕ್ಕೆ 5400 ಸುತ್ತು ತಿರುಗುವ 1 ಟಿಬಿ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್ ನನ್ನದು. ಅದರಲ್ಲಿ ವಿಂಡೋಸ್ 10 ಇದೆ. ಈಚೆಗೆ ಆನ್ ಮಾಡಿ ಅರ್ಧ ಗಂಟೆಯಾದರೂ ಅದು ಕೆಲಸಕ್ಕೆ ಒದಗುವುದಿಲ್ಲ. ನುಡಿ ತಂತ್ರಾಂಶದಲ್ಲಿ ಒಂದು ಸಾಲು ಟೈಪ್ ಮಾಡಿದರೆ ಪರದೆ ಸ್ತಬ್ಧವಾಗಿದ್ದು, ಆಮೇಲೆ ಇಡೀ ಸಾಲು ಒಮ್ಮೆಗೇ ಬಂದು ಬೀಳುತ್ತದೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಸಿಪಿಯು ಶೇ. 10ರಿಂದ 15, ಮೆಮೊರಿ ಶೇ. 60ರ ಆಸುಪಾಸು, ಡಿಸ್ಕ್ ಮಾತ್ರ ಶೇ. 100. ಪಟ್ಟಿಯಲ್ಲಿ ಸರ್ವಿಸ್ ಹೋಸ್ಟ್ ಎಂಬ ಒಂದೇ ಹೆಸರು ಹತ್ತಾರು ಬಾರಿ ಕಾಣಿಸುತ್ತದೆ. ವೈರಸ್ ಇರಬಹುದೇ ಎಂಬ ಅನುಮಾನವೂ ಇದೆ. ರಿಪೇರಿ ಅಂಗಡಿಯವರು ರ‍್ಯಾಮ್ ಹೆಚ್ಚಿಸಬೇಕು ಎಂದರು, ಜೊತೆಗೆ ಮೆಮೊರಿ ಖಾಲಿ ಮಾಡುವ ಒಂದು ಉಚಿತ ಪ್ರೋಗ್ರಾಂ ಹಾಕಿಕೊಟ್ಟರು. ಅದರಿಂದ ಪ್ರಯೋಜನವಾದಂತೆ ಕಾಣಲಿಲ್ಲ. ಎಂಡ್ ಟಾಸ್ಕ್ ಒತ್ತಿ ಯಾವುದನ್ನು ನಿರಾತಂಕವಾಗಿ ನಿಲ್ಲಿಸಬಹುದು, ಯಾವುದನ್ನು ಮುಟ್ಟಬಾರದು ಎಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ಬಯಲುಸೀಮೆ

ಯಾವುದನ್ನು ನಿಲ್ಲಿಸಬೇಕು ಎಂಬುದಕ್ಕಿಂತ ಮೊದಲು ಆ ಸಂಖ್ಯೆ ಏನು ಹೇಳುತ್ತಿದೆ ಎಂದು ನೋಡೋಣ. ಡಿಸ್ಕ್ ಶೇ. 100 ಎಂದರೆ ಡಿಸ್ಕ್ ತುಂಬಿದೆ ಎಂದಲ್ಲ, ಅದು ತನ್ನ ಪೂರ್ಣ ವೇಗದಲ್ಲಿ ಓದಿ ಬರೆಯುತ್ತಿದೆ ಎಂದೂ ಅಲ್ಲ. ಅಷ್ಟು ಹೊತ್ತೂ ಒಂದಲ್ಲ ಒಂದು ಬೇಡಿಕೆ ಅದರ ಮುಂದೆ ಬಾಕಿ ಇತ್ತು, ಬಿಡುವೇ ಇರಲಿಲ್ಲ ಎಂದಷ್ಟೇ ಅದರ ಅರ್ಥ.

ನಿಮ್ಮ ಡಿಸ್ಕಿನ ಲೆಕ್ಕ ಹೀಗಿದೆ. ನಿಮಿಷಕ್ಕೆ 5400 ಸುತ್ತು ಎಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್ಡಿನ (ಓದಿ ಬರೆಯುವ ಮುಳ್ಳಿನ) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಹೆಡ್ ಸರಿಯಾದ ಟ್ರ್ಯಾಕಿಗೆ, ಅಂದರೆ ತಟ್ಟೆಯ ಮೇಲಿನ ಸುತ್ತುಸಾಲಿಗೆ, ಸರಿಯಬೇಕು. ಎರಡೂ ಸೇರಿ ಒಂದು ಬೇಡಿಕೆಗೆ 15 ಮಿಲಿಸೆಕೆಂಡ್ ಹಿಡಿಯಿತೆಂದರೂ ಸೆಕೆಂಡಿಗೆ 60–70 ಬೇಡಿಕೆಗಳು ಮುಗಿದಾವು. ಒಂದೊಂದೂ 4 ಕೆಬಿಯ ಚಿಕ್ಕ ತುಣುಕಾಗಿದ್ದು ಅಲ್ಲಲ್ಲಿ ಚದುರಿದ್ದರೆ ಒಟ್ಟು ವೇಗ ಸೆಕೆಂಡಿಗೆ 300 ಕೆಬಿಯನ್ನೂ ಮುಟ್ಟುವುದಿಲ್ಲ. ದೊಡ್ಡದೊಂದು ವಿಡಿಯೊವನ್ನು ಸಾಲಾಗಿ ಓದುವಾಗ ಅದೇ ಡಿಸ್ಕ್ 100 ಎಂಬಿಯ ಹತ್ತಿರ ಕೊಡಬಲ್ಲದು. ಕಂಪ್ಯೂಟರ್ ಏಳುವಾಗ ಆಂಟಿವೈರಸ್, ಸರ್ಚ್ ಇಂಡೆಕ್ಸಿಂಗ್, ಅಪ್‌ಡೇಟ್, ಬ್ರೌಸರ್ ಎಲ್ಲವೂ ಕೇಳುವುದು ಇಂಥ ಚದುರಿದ ತುಣುಕುಗಳನ್ನೇ.

ಆದ್ದರಿಂದ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ, ಡಿಸ್ಕ್ ಆರಿಸಿ, ಸರಾಸರಿ ರೆಸ್ಪಾನ್ಸ್ ಟೈಮ್ (ಒಂದು ಬೇಡಿಕೆ ಮುಗಿಯಲು ಹಿಡಿಯುವ ಸಮಯ) ಎಷ್ಟೆಂದು ನೋಡಿ. ಕೆಲಸದ ಒತ್ತಡವಿರುವಾಗ ಹತ್ತಾರು ಮಿಲಿಸೆಕೆಂಡ್ ಇದ್ದರೆ ಹಾರ್ಡ್ ಡಿಸ್ಕಿಗೆ ಅದು ಸಹಜ. ವರ್ಗಾವಣೆ ಅತ್ಯಲ್ಪವಾಗಿದ್ದೂ ಈ ಸಂಖ್ಯೆ ಸಾವಿರ ದಾಟುತ್ತಿದ್ದರೆ ತೊಂದರೆಯನ್ನು ಪ್ರೋಗ್ರಾಂಗಳ ಪಟ್ಟಿಯಲ್ಲಿ ಹುಡುಕಿ ಫಲವಿಲ್ಲ, ಅದು ಡಿಸ್ಕಿನಲ್ಲೇ ಇರಬಹುದು. ಅದೇ ಪುಟದ ಕೆಳಗಿರುವ ರಿಸೋರ್ಸ್ ಮಾನಿಟರ್ ತೆರೆದರೆ ಯಾವ ಪ್ರೋಗ್ರಾಂ ಯಾವ ಫೈಲನ್ನು ಓದುತ್ತಿದೆ ಎಂಬುದೂ ತಿಳಿಯುತ್ತದೆ.

ಉತ್ತರ: ಕೀಲಿಮಣೆ

ಬಯಲುಸೀಮೆಯವರ ಮಾತಿಗೆ ನನ್ನ ಒಪ್ಪಿಗೆಯಿದೆ. ಉಳಿದ ಪ್ರಶ್ನೆಗಳಿಗೆ ನಾನು ಉತ್ತರಿಸುತ್ತೇನೆ. ಸರ್ವಿಸ್ ಹೋಸ್ಟ್ ಹಲವು ಬಾರಿ ಕಾಣುವುದು ಸಹಜ. ತೆರೆಮರೆಯಲ್ಲಿ ನಡೆಯುವ ವಿಂಡೋಸ್ ಸೇವೆಗಳನ್ನು ನಡೆಸುವ ಪ್ರಕ್ರಿಯೆ ಅದು. ಮೊದಲು ಅನೇಕ ಸೇವೆಗಳು ಒಂದೇ ಸರ್ವಿಸ್ ಹೋಸ್ಟ್‌ನಲ್ಲಿ ಕೂಡಿರುತ್ತಿದ್ದವು. 2017ರ ವಿಂಡೋಸ್ 10 ಅಪ್‌ಡೇಟ್‌ನಿಂದ, 3.5 ಜಿಬಿಗಿಂತ ಹೆಚ್ಚು ರ‍್ಯಾಮ್ ಇರುವ ಯಂತ್ರಗಳಲ್ಲಿ ಬಹುಪಾಲು ಸೇವೆಗಳಿಗೆ ಪ್ರತ್ಯೇಕ ಹೋಸ್ಟ್ ಕೊಡಲಾಯಿತು. ಅನುಮಾನವಿದ್ದರೆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಫೈಲ್ ಇರುವ ಜಾಗವನ್ನು ತೆರೆಯಿರಿ. ಅದು ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32ರಲ್ಲಿ ಇರಬೇಕು. ಡೌನ್‌ಲೋಡ್ಸ್‌ನಲ್ಲೋ ಟೆಂಪ್‌ನಲ್ಲೋ ಇದ್ದರೆ ಶಂಕಿಸಬೇಕು.

ನೀವೇ ತೆರೆದ ಪ್ರೋಗ್ರಾಂ ಸ್ಥಗಿತವಾದಾಗ ಮಾತ್ರ ಎಂಡ್ ಟಾಸ್ಕ್ ಬಳಸಿ, ಅದೂ ಉಳಿಸದ ಕೆಲಸ ಹೋಗುತ್ತದೆಂಬ ಅರಿವಿನಿಂದ. ವಿಂಡೋಸ್‌ನ ಕೆಲವು ಪ್ರಕ್ರಿಯೆಗಳನ್ನು ಬಲವಂತವಾಗಿ ನಿಲ್ಲಿಸಿದರೆ ನೀಲಿ ಪರದೆ ಬಂದು ಯಂತ್ರ ರೀಸ್ಟಾರ್ಟ್ ಆಗುತ್ತದೆ. ಇನ್ನು ಕೆಲವು ನಿಂತ ಕ್ಷಣವೇ ಮತ್ತೆ ತಲೆಯೆತ್ತುತ್ತವೆ. ಪದೇ ಪದೇ ಕಾಡುವ ಪ್ರೋಗ್ರಾಂಗಳನ್ನು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ಡಿಸೇಬಲ್ ಮಾಡುವುದೇ ಸರಿಯಾದ ಮಾರ್ಗ. ಮೀಟಿಂಗ್ ಆ್ಯಪ್, ಪ್ರಿಂಟರ್ ಕಂಪನಿಯ ಸಹಾಯಕ ಪ್ರೋಗ್ರಾಂ, ಆಟಗಳ ಲಾಂಚರ್ ಇವುಗಳಿಗೆ ಬೆಳಿಗ್ಗೆ ಎದ್ದೊಡನೆ ನಮ್ಮಲ್ಲಿ ಏನು ಕೆಲಸ?

ಮೆಮೊರಿ ಖಾಲಿ ಮಾಡುವ ಆ ಪ್ರೋಗ್ರಾಂ ಅನ್ನು ಇಂದೇ ತೆಗೆದುಹಾಕಿ. ವಿಂಡೋಸ್ ಬಿಡುವಿರುವ ರ‍್ಯಾಮ್‌ನಲ್ಲಿ ಈಗಾಗಲೇ ಓದಿದ ಫೈಲುಗಳನ್ನು ಸ್ಟ್ಯಾಂಡ್‌ಬೈ ಎಂದು ಇಟ್ಟುಕೊಂಡಿರುತ್ತದೆ. ಬೇರೆ ಪ್ರೋಗ್ರಾಂ ಜಾಗ ಕೇಳಿದೊಡನೆ ಅದನ್ನು ಬಿಟ್ಟುಕೊಡುತ್ತದೆ. ಈ ಕ್ಲೀನರ್‌ಗಳು ಅದನ್ನೆಲ್ಲ ಹೊರಗೆ ನೂಕಿದರೆ ಅದೇ ಫೈಲುಗಳನ್ನು ಮತ್ತೆ ಡಿಸ್ಕಿನಿಂದ ಓದಬೇಕಾಗುತ್ತದೆ, ಅಂದರೆ ಈಗಾಗಲೇ ಬಳಲಿರುವ ಡಿಸ್ಕಿನ ಮೇಲೆಯೇ ಹೊರೆ ಹೆಚ್ಚುತ್ತದೆ. ಶೇ. 60 ಮೆಮೊರಿ ಬಳಕೆಗೆ ರ‍್ಯಾಮ್ ಹೆಚ್ಚಿಸುವ ಅಗತ್ಯ ಕಾಣುವುದಿಲ್ಲ. ಕೊನೆಯದಾಗಿ, ಸರ್ವಿಸಸ್‌ಗೆ ಹೋಗಿ ಸಿಸ್‌ಮೈನ್ ಎಂಬ ಸೇವೆಯನ್ನೂ ನಿಲ್ಲಿಸಿಬಿಡಿ.

ಉತ್ತರ: ತುಂಗೆಯ ದಡ

ಸಿಸ್‌ಮೈನ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಅದು ವಿಂಡೋಸ್ ವಿಸ್ಟಾದ ಕಾಲದಲ್ಲಿ ಸೂಪರ್‌ಫೆಚ್ ಎಂಬ ಹೆಸರಿನಿಂದ ಬಂದ ಸೇವೆ. ನೀವು ಹೆಚ್ಚಾಗಿ ಬಳಸುವ ಪ್ರೋಗ್ರಾಂಗಳನ್ನು ಮುಂಚಿತವಾಗಿ ಮೆಮೊರಿಗೆ ತರುವುದು ಅದರ ಕೆಲಸ, ಮತ್ತು ಅದರಿಂದ ಹೆಚ್ಚು ಲಾಭವಿರುವುದು ನಿಧಾನಗತಿಯ ಹಾರ್ಡ್ ಡಿಸ್ಕಿಗೇ. ಒಂದು ದಿನ ನಿಲ್ಲಿಸಿ ವ್ಯತ್ಯಾಸ ನೋಡುವುದರಲ್ಲಿ ತಪ್ಪಿಲ್ಲ, ಆದರೆ ಅದನ್ನೇ ಮದ್ದೆಂದು ನಂಬಿ ಕೂರಬಾರದು.

ಈಚೆಗೆ ಹೀಗಾಗುತ್ತಿದೆ ಎಂದು ನೀವು ಬರೆದಿರುವುದರಿಂದ ಡಿಸ್ಕಿನ ಆರೋಗ್ಯವನ್ನೇ ಮೊದಲು ಪರೀಕ್ಷಿಸಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂನಲ್ಲಿ 05 ಮತ್ತು ಸಿ5 ಎಂಬ ಸಾಲುಗಳನ್ನು ನೋಡಿ: ಮೊದಲನೆಯದು ಕೆಟ್ಟು ಬದಲಿ ಜಾಗ ಪಡೆದ ಸೆಕ್ಟರ್‌ಗಳದು (ಸೆಕ್ಟರ್ ಎಂದರೆ ಡಿಸ್ಕಿನ ಒಂದು ಚಿಕ್ಕ ತುಂಡು), ಎರಡನೆಯದು ಓದಲು ತೊಡಕಾಗಿ ಇನ್ನೂ ತೀರ್ಮಾನವಾಗದೆ ಉಳಿದವುಗಳದು. ವಿಂಡೋಸ್‌ನ ಆಗುಹೋಗುಗಳನ್ನು ದಾಖಲಿಸುವ ಈವೆಂಟ್ ವ್ಯೂವರ್‌ನ ಸಿಸ್ಟಮ್ ವಿಭಾಗದಲ್ಲಿ ಡಿಸ್ಕ್ ಹೆಸರಿನಲ್ಲಿ 7 ಅಥವಾ 153 ಸಂಖ್ಯೆಯ ದಾಖಲೆಗಳಿವೆಯೇ ಎಂಬುದನ್ನೂ ಗಮನಿಸಿ. 7 ಎಂದರೆ ಕೆಟ್ಟ ಬ್ಲಾಕ್ ಸಿಕ್ಕಿದೆ ಎಂದು. 153 ಎಂದರೆ ಮೊದಲ ಸಲ ಆಗದೆ ಮತ್ತೆ ಪ್ರಯತ್ನಿಸಬೇಕಾಯಿತು ಎಂದು.

ಪ್ರಶ್ನೆ ಕೇಳಿದವರಿಂದ: ಅಕ್ಷರಜೋಡಣೆ

ಎಲ್ಲರಿಗೂ ಧನ್ಯವಾದಗಳು. ಕ್ಲೀನರ್ ತೆಗೆದಿದ್ದೇನೆ, ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿದ್ದೇನೆ, ಸ್ವಲ್ಪ ಹಗುರವಾಗಿದೆ. ಆದರೆ ಓದುವ ವೇಗ ಸೆಕೆಂಡಿಗೆ 400 ಕೆಬಿ ಇರುವಾಗ ರೆಸ್ಪಾನ್ಸ್ ಟೈಮ್ 900ರಿಂದ 3000 ಮಿಲಿಸೆಕೆಂಡ್‌ವರೆಗೆ ಏರುತ್ತಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಳದಿ ಬಣ್ಣದಲ್ಲಿ ಎಚ್ಚರಿಕೆ ಕೊಡುತ್ತಿದೆ. 05ರ ಮುಂದೆ ಸೊನ್ನೆ, ಸಿ5ರ ಮುಂದೆ 10 ಎಂದಿದೆ. ಈವೆಂಟ್ ವ್ಯೂವರ್‌ನಲ್ಲಿ 7 ಎಂಬ ದಾಖಲೆ ಸಾಲು ಸಾಲಾಗಿ ಇದೆ. ಮುಖ್ಯ ಫೈಲುಗಳನ್ನೆಲ್ಲ ಸದ್ಯಕ್ಕೆ ಡಿ ಡ್ರೈವ್‌ಗೆ ಹಾಕಿಕೊಳ್ಳಲೇ?

ಉತ್ತರ: ತುಂಗೆಯ ದಡ

ಬೇಡ. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಆ ಪ್ರೋಗ್ರಾಂ ಸಾಮಾನ್ಯವಾಗಿ ಹದಿನಾರರ ಎಣಿಕೆಯಲ್ಲಿ ಸಂಖ್ಯೆ ತೋರಿಸುವುದರಿಂದ ನಿಮ್ಮ 10 ಎಂದರೆ ವಾಸ್ತವದಲ್ಲಿ 16 ಸೆಕ್ಟರ್‌ಗಳು. ಅಂಥ ಜಾಗ ಎದುರಾದಾಗಲೆಲ್ಲ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ, ಉಳಿದ ಬೇಡಿಕೆಗಳೆಲ್ಲ ಹಿಂದೆ ಸಾಲುಗಟ್ಟುತ್ತವೆ; ನಿಮ್ಮ ಅಕ್ಷರಗಳು ತಡೆದು ಬರುವುದಕ್ಕೆ ಕಾರಣ ಇದೇ ಇರಬೇಕು.

ಬೇರೆಲ್ಲ ಕೆಲಸ ಬದಿಗಿಟ್ಟು, ಎಕ್ಸ್‌ಟರ್ನಲ್ ಡಿಸ್ಕಿಗೆ ಮೊದಲು ಗ್ರಾಹಕರ ಫೈಲುಗಳನ್ನು, ನಂತರ ಫೋಟೊಗಳನ್ನು ಕಾಪಿ ಮಾಡಿ. ಅದು ಮುಗಿಯುವವರೆಗೆ ಡೀಫ್ರ್ಯಾಗ್ (ಚದುರಿದ ತುಣುಕುಗಳನ್ನು ಒಟ್ಟುಗೂಡಿಸುವುದು) ಆಗಲಿ, ಚೆಕ್ ಡಿಸ್ಕ್ (ಡಿಸ್ಕಿನ ದೋಷ ಹುಡುಕುವುದು) ಆಗಲಿ ನಡೆಸಬೇಡಿ. ಅವು ಬಲಹೀನ ಡಿಸ್ಕಿನ ಮೇಲೆ ಇನ್ನಷ್ಟು ಕೆಲಸ ಹೇರುತ್ತವೆ. ಆಮೇಲೆ ಹಾರ್ಡ್ ಡಿಸ್ಕಿನ ಬದಲಿಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಡ್ರೈವ್) ಹಾಕಿಸಿ. ಕೆಟ್ಟ ಸೆಕ್ಟರ್ ಇರುವ ಡಿಸ್ಕನ್ನು ಕ್ಲೋನ್ ಮಾಡುವಾಗ (ಇಡಿಯಾಗಿ ನಕಲಿಸುವಾಗ) ನಡುವೆ ನಿಂತುಹೋಗುವ ಸಂಭವವಿರುವುದರಿಂದ ವಿಂಡೋಸ್ ಅನ್ನು ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಮೇಲು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ದುಬಾರಿ ಎಸ್‌ಎಸ್‌ಡಿ ಕೊಳ್ಳುವ ಮುನ್ನ ಇದೂ ನೆನಪಿನಲ್ಲಿರಲಿ.

ಕಾಪಿ ಮಾಡುವಾಗ ವಿಂಡೋಸ್ ಫೋಲ್ಡರಿನ ಫಾಂಟ್ಸ್‌ನಲ್ಲಿರುವ ಕನ್ನಡ ಫಾಂಟ್‌ಗಳನ್ನು ಬಿಡಬೇಡಿ. ಯೂನಿಕೋಡ್‌ಗೆ ಮುಂಚಿನ ಹಳೆಯ ಫಾಂಟ್‌ಗಳಲ್ಲಿ ಜೋಡಿಸಿದ ಪುಟಗಳನ್ನು ಹೊಸ ಡಿಸ್ಕಿನಲ್ಲಿ ತೆರೆದಾಗ ಅದೇ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಷ್ಟೇ ಕಾಣಿಸುತ್ತದೆ.